ಅಜ್ಜಿ ಒಯ್ಯದ ಸೀರೆ

ಸುಮತೀ, ನಿನ್ನನ್ನು ಹೆತ್ತ ಆಯಿಯ ಸೀರೆಯನ್ನು ಕುಮಟೆಯ ಅಜ್ಜಿ ಒಯ್ದಿರಲಿಲ್ಲ. ಅದನ್ನು ಮನೆಯಿಂದ ಹೊರಗೆ ಹಾಕಿದವಳು ನಾನು. ಅಜ್ಜಿಯ ಮೇಲೆ ಸುಳ್ಳು ಹೇಳಿದವಳೂ ನಾನೇ.

ಇಷ್ಟು ಬರೆಯುವುದಕ್ಕೆ ನನಗೆ ಒಂದು ಆಯುಷ್ಯವೇ ಹಿಡಿಯಿತು.

ನಾನು ಮುಟ್ಟಳ್ಳಿಯಿಂದ ಹೊನ್ನಾವರದ ನಿಮ್ಮ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಾಗ ಮಹಾಯುದ್ಧ ನಡೆದಿತ್ತು. ನನಗೆ ಹತ್ತೊಂಬತ್ತು, ನಿನಗೆ ಏಳು. ನಿನ್ನ ಆಯಿ ತೀರಿಕೊಂಡು ವರ್ಷ ಕಳೆದಿತ್ತು. ಅಪ್ಪ ಶಾಲೆಯ ಮಾಸ್ತರರು. ಬೆಳಿಗ್ಗೆ ನಿನ್ನನ್ನೂ ಜೊತೆಗೆ ಕರೆದುಕೊಂಡು ಹೊರಡಬೇಕು. ಆದರೆ ಆ ಮನೆಯ ಬೆಳಗು — ಅಬ್ಬಾ! ಮಲಗುವ ಕೋಣೆಯಲ್ಲಿ ಒಂದೇ ಕಪಾಟು, ಎಲ್ಲರ ಬಟ್ಟೆಯೂ ಅದರೊಳಗೆ ಒತ್ತಿ ತುಂಬಿದ್ದು. ಅವರ ದೋತರ ಎಳೆದರೆ ನಿನ್ನ ಪರಕಾರ ಕೆಳಗೆ ಬೀಳುತ್ತಿತ್ತು. ಕೋಟು ಸಿಕ್ಕಿದ ದಿನ ಟೊಪ್ಪಿ ಸಿಗುತ್ತಿರಲಿಲ್ಲ. ನಾನು ಒಲೆ ಬಿಟ್ಟು ಓಡಿ ಬಂದು ಹುಡುಕಿ ಕೊಡುವಷ್ಟರಲ್ಲಿ ಅಲ್ಲಿ ದೋಸೆ ಕರಕಲು.

ಮತ್ತೆ ನೀನು. ಜಡೆ ಹಾಕಲು ಬಾಚಣಿಗೆ ಹಿಡಿದು ನಾನು ಕರೆಯುತ್ತಿದ್ದರೆ ನೀನು ಕಪಾಟಿನ ಕೆಳಗಿನ ಖಾನೆಯ ಮುಂದೆ ಕುಳಿತಿರುತ್ತಿದ್ದೆ. ಅಲ್ಲಿ ನಿನ್ನ ಆಯಿ ಕಾಯಿಲೆ ಬೀಳುವ ಮೊದಲು ಉಟ್ಟಿದ್ದ ಹಸಿರು ಸೀರೆ ಇತ್ತು — ಯಾರೂ ಒಗೆಯದೆ ಸುತ್ತಿಟ್ಟದ್ದು, ಮಡಿಕೆಯೊಳಗೆ ಒಣಗಿದ ಸುರಗಿ ಹೂವಿನ ದಂಡೆ. ಅದರಲ್ಲಿ ಮುಖ ಹುಗಿದು ಕೂತರೆ ನಿನಗೆ ಯಾರ ಕರೆಯೂ ಕೇಳುತ್ತಿರಲಿಲ್ಲ. ಕೊನೆಗೆ ಅಪ್ಪ ಅಂಗಳದಿಂದಲೇ ಕೂಗಬೇಕು: “ಕೂಸೇ, ಗಂಟೆ ಹೊಡೆದೋತು!”

ಒಂದು ದಿನ ನೀವಿಬ್ಬರೂ ಹೊರಟ ಮೇಲೆ ಕಪಾಟನ್ನು ಪೂರ್ತಿ ಖಾಲಿ ಮಾಡಿದೆ. ಮೇಲಿನ ಖಾನೆ ಅವರದ್ದು, ಕೋಟಿಗೆ ಬಾಗಿಲ ಒಳಗೆ ಮೊಳೆ. ನಡುವಿನದು ನಿನ್ನದು — ಪರಕಾರ, ಪೋಲಕ ಜೋಡಿಸಿ ಒಂದೊಂದು ದಿನಕ್ಕೆ ಒಂದೊಂದು ಮಡಿಕೆ. ಕೆಳಗಿನದು ನನ್ನದು. ಹಸಿರು ಸೀರೆಗೆ ಜಾಗ ಉಳಿಯಲಿಲ್ಲ. ಉಳಿಯಲಿಲ್ಲವೋ, ನಾನು ಉಳಿಸಲಿಲ್ಲವೋ… ದಿನವೂ ಆ ಸೀರೆಯಿಂದ ಮುಖ ಎತ್ತಿ ನೀನು ನನ್ನನ್ನು ನೋಡುವಾಗ ನಾನು ಬರೀ ಬಾಚಣಿಗೆ ಹಿಡಿದ ಯಾರೋ ಆಗಿಬಿಡುತ್ತಿದ್ದೆ. ಅದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಹೊಳೆಯಾಚೆಯ ಕಾಸರಕೋಡಿನಿಂದ ಚಾಪೆ ಮಾರುವ ಹೆಂಗಸು ಬಂದಳು. ಬಟ್ಟೆಗೂ ರೇಷನ್ನು ಇದ್ದ ಕಾಲ. ಅವಳ ಮೈಮೇಲಿನದು ತೇಪೆಯ ಮೇಲೆ ತೇಪೆ. “ಅಮ್ಮಾ, ಹಳೇದು ಎಂತಾದ್ರೂ ಇದ್ರೆ ಕೊಡಿ” ಅಂದಳು. ಕೊಟ್ಟೆ. ದಾನ ಮಾಡಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ — ನನ್ನವೇ ಎರಡು ಹಳೆಯ ಸೀರೆ ಪಕ್ಕದಲ್ಲೇ ಇದ್ದವು.

ಸಂಜೆ ನೀನು ಕಪಾಟು ತೆರೆದೆ. “ಚಿಕ್ಕಿ, ಆಯಿ ಸೀರೆ ಎಲ್ಲಿದ್ದು?”

ನಿನ್ನ ಆಯಿಯ ತಾಯಿ ಬಂದು ಎರಡು ದಿನ ಇದ್ದು ಆ ಬೆಳಿಗ್ಗೆಯೇ, ನೀವಿಬ್ಬರೂ ಹೊರಟ ಹಿಂದೆಯೇ ಕುಮಟೆಗೆ ಮರಳಿದ್ದರು. ಯೋಚಿಸಿ ಹೇಳಿದ್ದಲ್ಲ — ಬಾಯಿಗೆ ಬಂತು: “ಅಜ್ಜಿ ತಗಂಡು ಹೋತು.”

ನೀನು ಅಳಲಿಲ್ಲ. ಕಪಾಟಿನ ಬಾಗಿಲು ಮೆಲ್ಲಗೆ ಮುಚ್ಚಿದೆ.

ಮಾರನೆಯ ದಿನದಿಂದ ಬೆಳಗು ಹಗುರಾಯಿತು. ಕರೆಯುವ ಮೊದಲೇ ನೀನು ಸ್ನಾನ ಮುಗಿಸಿ, ನಿನ್ನ ಮಡಿಕೆ ನೀನೇ ತೆಗೆದು ಉಟ್ಟು ನನ್ನ ಮುಂದೆ ಬೆನ್ನು ಮಾಡಿ ಕೂರುತ್ತಿದ್ದೆ. “ಕಪಾಟು ಚಲೋ ಆತು” ಎಂದು ಅಪ್ಪ ಹೊಗಳಿದರು. ನನಗೆ ಸಂತೋಷವಾಯಿತು. ಇದನ್ನೂ ಬರೆಯಬೇಕು — ನಿಜವಾಗಿ ಸಂತೋಷವಾಯಿತು.

ಬೇಸಿಗೆ ರಜೆ ಬಂತು. “ನಾ ಕುಮಟೆಗೆ ಹೋಗ್ತಿಲ್ಲೆ” ಅಂದೆ ನೀನು. ಅಪ್ಪ ಬೈದರು, ರಮಿಸಿದರು. ದೀಪಾವಳಿಗೂ ಅದೇ ಮಾತು. ಕೊನೆಗೆ ಅಜ್ಜಿಯೇ ಬಂದರು — ಪೆಟ್ರೋಲು ಸಿಗದ ಆ ದಿನಗಳ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ, ಸೀರೆಗೆಲ್ಲ ಮಸಿ ಹತ್ತಿಸಿಕೊಂಡು, ನಿನಗೆಂದು ಬೆಲ್ಲದ ಸಿಹಿ ತೊಡದೇವು ಕಟ್ಟಿಕೊಂಡು. ನೀನು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಓಡಿದವಳು ಅವರು ಮಲಗುವ ತನಕ ಬರಲಿಲ್ಲ.

ಹೊರಡುವ ಮೊದಲು ಅವರು ನನ್ನ ಕೈ ಹಿಡಿದುಕೊಂಡರು. “ನನ್ನಿಂದ ಎಂತ ತಪ್ಪಾತೇ? ಕೂಸು ಮಾತೇ ಆಡ್ತಿಲ್ಲೆ.”

ಆಗ ಒಂದು ಮಾತು ಸಾಕಿತ್ತು, ಸುಮತಿ. ಮಗಳನ್ನು ಕಳೆದುಕೊಂಡವರು, ಅವಳದ್ದೆಂದು ಅವರಿಗೆ ಉಳಿದದ್ದು ನೀನೊಬ್ಬಳೇ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: “ಮಕ್ಕಳ ಹಟ. ತನ್ನಷ್ಟಕ್ಕೇ ಸರಿಯಾಗ್ತು.”

“ಕೂಸಿಗೆ ಬೈಯಡ, ಆತಾ?” ಎಂದು ನನಗೇ ಬುದ್ಧಿ ಹೇಳಿ ಬಸ್ಸು ಹತ್ತಿದರು.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಹದಿಮೂರನೆಯ ದಿನ ನಾವು ಕುಮಟೆಗೆ ಹೋದೆವು. ಊಟದ ಗಡಿಬಿಡಿಯಲ್ಲಿ ನೀನು ಕಾಣಲಿಲ್ಲ. ಹುಡುಕುತ್ತ ಹೋದರೆ ಒಳಕೋಣೆಯಲ್ಲಿ ನೀನು ಅಜ್ಜಿಯ ಪೆಟ್ಟಿಗೆ ತೆರೆದು, ಒಂದೊಂದೇ ಬಟ್ಟೆ ಬಿಡಿಸಿ ಮೂಸಿ ನೋಡಿ ನೆಲದ ಮೇಲೆ ಇಡುತ್ತಿದ್ದೆ. ಪೆಟ್ಟಿಗೆಯ ತಳ ಕಂಡಾಗ ನನ್ನತ್ತ ತಿರುಗಿದೆ.

“ಚಿಕ್ಕಿ, ಇದರಲ್ಲಿ ಆಯಿ ಸೀರೆ ಇಲ್ಲೆ.”

ಅಲ್ಲೇ ಎಲ್ಲ ಹೇಳಿಬಿಡಬಹುದಿತ್ತು. ನಾನು — ಆ ಬಟ್ಟೆಗಳನ್ನೆಲ್ಲ ಮತ್ತೆ ಮಡಿಸಿ ಒಳಗಿಟ್ಟೆ. “ಅಜ್ಜಿ ಯಾರಿಗಾದರೂ ಕೊಟ್ಟಿಕ್ಕು” ಅಂದೆ. ಅಜ್ಜಿಯ ಮೇಲೆ, ಅವರು ಸತ್ತ ಮೇಲೂ, ಎರಡನೆಯ ಸಲ ಸುಳ್ಳು ಹೇಳಿದೆ.

ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನೀನು ದೊಡ್ಡವಳಾದೆ, ನನ್ನನ್ನು ಎಂದೂ ನೋಯಿಸಲಿಲ್ಲ, ನನ್ನ ಬಾಣಂತನದಲ್ಲಿ, ಕಾಯಿಲೆಯಲ್ಲಿ ಹೆತ್ತ ಮಗಳ ಹಾಗೆ ನಿಂತೆ. ಪ್ರತಿ ಸಲ ಈಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ; ಪ್ರತಿ ಸಲವೂ ಕಳೆದುಕೊಳ್ಳಲು ಇನ್ನಷ್ಟು ಹೆಚ್ಚಾಗಿರುತ್ತಿತ್ತು.

ಹೋದ ತಿಂಗಳು ನಿನ್ನ ಮಗಳು ಹಳೆಯ ಫೋಟೊ ಹಿಡಿದು, “ಇದು ಯಾರು?” ಎಂದು ಕೇಳಿದಳಲ್ಲ. ನೀನು ನೋಡಲೂ ಇಲ್ಲ. “ಕುಮಟೆ ಅಜ್ಜಿ. ನನ್ನ ಆಯಿ ಸೀರೆ ನಂಗೆ ಹೇಳದ್ದೇ ತಗಂಡು ಹೋದ್ದು” ಅಂದೆ. ಅರವತ್ತರ ಹತ್ತಿರ ಬಂದ ನಿನ್ನ ದನಿಯಲ್ಲಿ ಏಳು ವರ್ಷದವಳ ಸಿಟ್ಟು ಹಾಗೇ ಇತ್ತು. ನಾನು ಅಲ್ಲೇ ಕುಳಿತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಭಾನುವಾರ ನೀನು ಬರುತ್ತೀ. ಈ ಹಾಳೆಗಳನ್ನು ನಿನ್ನ ಕೈಗೇ ಕೊಡುತ್ತೇನೆ, ನೀನು ಓದಿ ಮುಗಿಸುವ ತನಕ ಎದುರಿಗೇ ಕುಳಿತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ — ಕ್ಷಮಿಸಬೇಕಾದವರು ಇಬ್ಬರು, ಒಬ್ಬರು ಇಲ್ಲ. ಆ ಫೋಟೊವನ್ನು ಮಾತ್ರ ಒಮ್ಮೆ ನೋಡು. ಅವರು ನಿನ್ನ ದಾರಿ ಕಾಯುತ್ತಲೇ ಹೋದರು, ಮಗಾ. ಏನು ತಪ್ಪಾಯಿತೆಂದು ಅವರಿಗೆ ಗೊತ್ತೇ ಇರಲಿಲ್ಲ.