ಡ್ರೈವರಿಗೆ ತಡವಾದ ದಿನ

ನಾನು ಕಾಲೇಜಿಗೆ ಹೋಗುತ್ತಿದ್ದ ಹೊಸನಗರ–ಸಾಗರ ಬಸ್ಸಿನ ಡ್ರೈವರು ಒಂದು ನಿಮಿಷವೂ ತಡ ಮಾಡಿ ಹೊರಟವರಲ್ಲ. ಆದರೆ ತಿರುವು ಬಂತೆಂದರೆ ಎಮ್ಮೆಗಿಂತ ನಿಧಾನ. ಯಾರಾದರೂ ಅವಸರಪಡಿಸಿದರೆ, "ಅರ್ಜೆಂಟಿದ್ರೆ ನಿನ್ನೆನೇ ಬರ್ಬೇಕಿತ್ತು" ಎನ್ನುತ್ತಿದ್ದರು.

ಒಮ್ಮೆ ಸಾಗರದಲ್ಲಿ ಮಧ್ಯಾಹ್ನದ ಬಿಡುವಿಗೆ ನನ್ನನ್ನೂ ಸಿನಿಮಾಕ್ಕೆ ಕರೆದೊಯ್ದರು. ದೈವಬಲ ಪಡೆದ ನಾಯಕ ಮಿಂಚನ್ನೇ ಹಗ್ಗ ಮಾಡಿ ರಾಕ್ಷಸರನ್ನು ಕಟ್ಟುತ್ತಿದ್ದ. ನಮ್ಮ ಡ್ರೈವರು ಶಿಳ್ಳೆ ಹೊಡೆದೇ ಹೊಡೆದರು. ಕೊನೆಗೆ ಅರವತ್ತು ಜನರಿದ್ದ ಬಸ್ಸೊಂದು ಘಾಟಿಯಿಂದ ಉರುಳಿತು. ಇವರ ಬಲಗಾಲು ಮುಂದಿನ ಸೀಟನ್ನು ಬ್ರೇಕಿನಂತೆ ಒತ್ತಿತು. ನಾಯಕ ಹಾರಿಬಂದು ಒಂದೇ ಕೈಯಲ್ಲಿ ಬಸ್ಸು ಹಿಡಿದ. ಅಷ್ಟರಲ್ಲಿ ಕರೆಂಟು ಹೋಯಿತು.

"ಬಸ್ಸಿನ ಟೈಮಾಯ್ತು, ಹೋಗಾಣ" ಎಂದೆ.

"ಜನ ಇನ್ನೂ ಗಾಳೀಲಿ ನೇತಾಡ್ತಿದಾರಲ್ಲಾ! ಹೆಂಗೆ ಬಿಟ್ಟು ಹೋಗದು?"

ಕರೆಂಟು ಬಂತು. ನಾಯಕ ಬಸ್ಸನ್ನು ರಸ್ತೆಗೆ ಮುಟ್ಟಿಸಿದಾಗ ಇವರು ಸೀಟಿನ ಮೇಲೆ ನಿಂತು ಕೂಗುತ್ತಿದ್ದರು.

ಸ್ಟ್ಯಾಂಡಿಗೆ ಓಡಿದೆವು. ಕಾದು ಬೇಸತ್ತ ಪ್ರಯಾಣಿಕರು ರೇಗಿದರು: "ಎಲ್ಲಿ ಹೋಗಿದ್ರಿ ಮಾರಾಯ್ರೆ?"

ಏದುಸಿರಿನಲ್ಲೇ ಡ್ರೈವರು ಎರಡೂ ಕೈ ಎತ್ತಿದರು.

"ಬಸ್ಸು ಪ್ರಪಾತಕ್ಕೆ ಬಿದ್ದಿತ್ತು ಕಣ್ರೀ! ಅರವತ್ತು ಜನಾನೂ ಉಳ್ಕಂಡ್ರು!"