ಕೆನ್ನೆ ನೋಡಿ ತಲೆದೂಗುತ್ತಿದ್ದ ಬಯ್ಯಪ್ಪ

ಮೇಲೂರಿನ ಬಯ್ಯಪ್ಪನಿಗೆ ದೇವರು ಒಳ್ಳೆಯ ಕಿವಿ ಕೊಟ್ಟಿದ್ದ. ಅವನು ವರ್ಷಗಟ್ಟಲೆ ನಡೆಸಿದ ರೇಷ್ಮೆ ಹುರಿ ಮಾಡುವ ಮಿಷನ್ನುಗಳು ಅದನ್ನು ತಿಂದುಹಾಕಿದ್ದವು. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ಮಾತು ತಿಳಿಯುತ್ತಿತ್ತು. ಕ್ಲಾರಿನೆಟ್ಟಿನ ಸಣ್ಣ ದನಿ ಮಾತ್ರ ಎಂದೋ ಕೈಬಿಟ್ಟಿತ್ತು. ಈ ಗುಟ್ಟು ಹೆಂಡತಿ ಆಂಜಿನಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲವೆಂದೇ ಅವನ ನಂಬಿಕೆ. ಯಾಕೆಂದರೆ ಊರಿನ ಪಾಲಿಗೆ ಅವನು ಬ್ಯಾಂಡಿನ ಮಹಾರಸಿಕ.

ಮೋಹನ್‌ಬಾಬುವಿನ ಹಳೇ ಬ್ಯಾಂಡ್‌ಸೆಟ್ ಮೆರವಣಿಗೆ ಹೊರಟರೆ ಅವನ ಕ್ಲಾರಿನೆಟ್ಟಿಗೆ ಮುಖ ಮಾಡಿ ಹಿಂದುಹಿಂದಕ್ಕೆ ನಡೆಯುವ ಹಕ್ಕು ಬಯ್ಯಪ್ಪನದು. ಮೋಹನ್‌ಬಾಬುವಿನ ಕೆನ್ನೆ ಉಬ್ಬಿದರೆ ಇವನು ತಲೆದೂಗುವನು, ಅವನು ಕಣ್ಣು ಮುಚ್ಚಿದರೆ ಇವನು 'ಆಹಾ' ಎನ್ನುವನು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ, ನನಗೆ ಆ ಮರ್ಯಾದೆಯೂ ಇಲ್ಲವಲ್ಲ ಎಂದು ಒಳಗೊಳಗೇ ನಗುತ್ತಿದ್ದ. ಹಾಡು ಹೋದ ಸಂಕಟ ಮಾತ್ರ ನಗುವಿಗೆ ಬಗ್ಗುತ್ತಿರಲಿಲ್ಲ.

ಅಷ್ಟರಲ್ಲಿ ಮೋಹನ್‌ಬಾಬುವಿಗೆ ಉಬ್ಬಸ ಶುರುವಾಯಿತು. ಊದುವುದು ಬಿಟ್ಟು ಕೀಬೋರ್ಡು, ತಾಳ ಬಡಿಯುವ ಪ್ಯಾಡು ತಂದ. ಗೂಡ್ಸ್ ಆಟೋದ ಮೇಲೆ ಬೀರುವಿನಷ್ಟು ದೊಡ್ಡ ಸ್ಪೀಕರುಗಳನ್ನು ಕಟ್ಟಿದ. ಬಯ್ಯಪ್ಪನಿಗೆ ಚಿಂತೆ ಹತ್ತಿತು. ಕೀಬೋರ್ಡು ನುಡಿಸುವವನ ಕೆನ್ನೆ ಉಬ್ಬುತ್ತದೆಯೇ? ಇನ್ನು ಏನು ನೋಡಿ ತಲೆ ಆಡಿಸುವುದು?

"ಊದೋರಿಲ್ದೆ ಅದ್ಯಾವ ಬ್ಯಾಂಡಪ್ಪ? ಸ್ವಿಚ್ ಒತ್ತಿದ್ರೆ ನಮ್ಮನೆ ಮಿಕ್ಸೀನೂ ಹಾಡ್ತದೆ," ಎಂದು ಟೀ ಅಂಗಡಿಯಲ್ಲಿ ಸಾರಿದ. "ಇನ್ಮೇಲೆ ನಾನ್ ಬರಲ್ಲ."

ಆದರೆ ತಂಗಿಯ ಮಗಳು ತನುಜಳ ಮದುವೆಗೆ ಅದೇ ಬ್ಯಾಂಡು ಗೊತ್ತಾಯಿತು. "ಸೋದರಮಾವನೇ ಬರ್ದಿದ್ರೆ ಜನ ಏನಂತಾರೆ? ನಡಿ ಸುಮ್ನೆ," ಎಂದು ಆಂಜಿನಮ್ಮ ಅವನನ್ನು ಹೊರಡಿಸಿದಳು.

ಮೆರವಣಿಗೆ ಹೊರಟಾಗ ಬಯ್ಯಪ್ಪ ಅಭ್ಯಾಸಬಲದಿಂದ ಮುಂದೆ ಹೋಗಿ ನಿಂತ. ಮೋಹನ್‌ಬಾಬುವಿನ ಮುಖ ಲೆಕ್ಕಪತ್ರ ಬರೆಯುವವನ ಮುಖದಂತೆ ತಣ್ಣಗಿತ್ತು. ಜನವೆಲ್ಲ ತನ್ನ ತಲೆಯನ್ನೇ ನೋಡುತ್ತಿದೆ ಎನಿಸಿತು. ಆಗ ನೆಲದಿಂದ ಏನೋ ಅದುರುತ್ತಾ ಕಾಲಿಗೆ ಹತ್ತಿತು. ಮಂಡಿ, ಹೊಟ್ಟೆ, ಎದೆ, ಎಲ್ಲ ಕಡೆ ತಾಳ! ಎಷ್ಟೋ ವರ್ಷಗಳ ಮೇಲೆ ಹಾಡಿನ ನಡೆ ಅವನಿಗೆ ಸಿಕ್ಕಿತ್ತು. ಸ್ಪೀಕರಿಗೆ ಅಂಗೈ ಒತ್ತಿ ಹಿಡಿದು, ಮಿಕ್ಸಿ ಎಂದು ಹಳಿದ ಬಾಯಿಯನ್ನೇ ಶಪಿಸುತ್ತಾ, ನಾಚಿಕೆ ಬಿಟ್ಟು ಕುಣಿದ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

ಹಾಡು ನಿಂತಿತು. ಬಯ್ಯಪ್ಪನೂ ನಿಂತ.

ಮೋಹನ್‌ಬಾಬು ಆಟೋದಿಂದ ಇಳಿದು ಬಂದು ಅವನ ಕಿವಿಯ ಹತ್ತಿರ ಬಾಯಿ ತಂದು ಗಟ್ಟಿಯಾಗಿ ಹೇಳಿದ. "ಬಯ್ಯಪ್ಪಣ್ಣ, ಯಾವಾಗ್ಲೂ ನಾವು ನಿಲ್ಸಿದ್ ಮೇಲೂ ನೀನು ಒಂದ್ ಗಳಿಗೆ ತಲೆ ಆಡುಸ್ತಾನೇ ಇರ್ತಿದ್ದೆ. ಇವತ್ತು ನಮ್ ಜೊತೇಲೇ ನಿಲ್ಸಿದೆ."

ಬಯ್ಯಪ್ಪನಿಗೆ ಆಗ ಹೊಳೆಯಿತು. ಊರಿಗೆಲ್ಲ ಗೊತ್ತಿತ್ತೆಂದಾಯಿತು, ಗೊತ್ತಿದ್ದೂ ಆ ಜಾಗವನ್ನು ಅವನಿಗೇ ಬಿಟ್ಟಿದ್ದರು.

"ಕಿವಿ ಕೇಳ್ಸಲ್ಲ ಕಣಪ್ಪ ನಂಗೆ," ಎಂದ, ಎಲ್ಲರಿಗೂ ಕೇಳುವಂತೆ. "ಇನ್ನೊಂದು ನುಡ್ಸು."

ಹಿಂದೆ ಮದುಮಗನ ಕಾರು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಬಯ್ಯಪ್ಪನಿಗೆ ಅದೊಂದು ಮಾತ್ರ ಕೇಳಿಸಲಿಲ್ಲ.