ಅಮಾನತ್ತಿಗೆ ಬಂದ ಎಲೆ

ಲಾಯಿಲದ ಸೇಸಮ್ಮನ ಮನೆಗೆ ಹೋದವರಿಗೆ ಕೂರಲು ಜಾಗ ಸಿಗುವುದು ಕಷ್ಟ. ಕುರ್ಚಿಗಳಿಲ್ಲವೆಂದಲ್ಲ, ಇರುವ ಮೂರು ಕುರ್ಚಿಗಳಲ್ಲೂ ಗಿಡಗಳೇ ಕೂತಿರುತ್ತವೆ. ಫ್ರಿಜ್ಜಿನ ಮೇಲೆ ಎರಡು, ಹೊಲಿಗೆ ಮೆಷಿನಿನ ಮೇಲೆ ನಾಲ್ಕು, ಕಿಟಕಿಯ ಸರಳುಗಳಿಗೆ ತೂಗುಹಾಕಿದವು ಏಳೆಂಟು. ಗಂಡ ಕೂಸಪ್ಪ ಸ್ನಾನಕ್ಕೆ ಹೋಗಬೇಕಾದರೆ ಬಾಗಿಲಲ್ಲಿರುವ ಎರಡು ಗಿಡದ ಚಟ್ಟಿಗಳನ್ನು ಆಚೆ ಸರಿಸಬೇಕು, ಬಂದ ಮೇಲೆ ಮತ್ತೆ ಈಚೆ ಇಡಬೇಕು. ಮರೆತರೆ ಅವನಿಗೆ ಆ ದಿನ ಚಹಾ ತಡ.

ಎಲ್ಲರ ಅಂಗಳದಲ್ಲಿ ಇರುವಂಥ ದಾಸವಾಳ, ಮಲ್ಲಿಗೆಗಳನ್ನು ಅಲ್ಲಿ ಹುಡುಕಬಾರದು. ಹೂವೆಂದರೆ ಸೇಸಮ್ಮನಿಗೆ ಅಷ್ಟಕ್ಕಷ್ಟೆ. ಅವಳಿಗೆ ಬೇಕಾದದ್ದು ಎಲೆ. ತೂತು ತೂತಾಗಿ ಬೆಳೆಯುವ ಎಲೆ, ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆಯ ಎಲೆ, ಮುಟ್ಟಿದರೆ ವೆಲ್ವೆಟ್ಟಿನಂಥ ಎಲೆ. ಗಿಡಗಳ ನಿಜವಾದ ಹೆಸರು ಅವಳ ನಾಲಗೆಗೆ ಹೊರಳುವುದಿಲ್ಲ. ನೆಟ್ಟಗೆ ನಿಲ್ಲುವುದು ‘ಮಾಸ್ಟ್ರು’, ಬುಡದಲ್ಲಿ ಸದಾ ಮರಿ ಇಟ್ಟುಕೊಂಡಿರುವುದು ‘ಬಾಣಂತಿ’, ಸ್ವಲ್ಪ ನೀರು ಹೆಚ್ಚಾದರೆ ತಲೆ ಬಗ್ಗಿಸುವುದು ‘ಮದಿಮಗಳು’. ಯಾರ ಮನೆಯಲ್ಲಿ ಹೊಸ ಜಾತಿ ಕಂಡರೂ ಅವಳಿಗೆ ನಾಚಿಕೆ ಎಂಬುದಿರುವುದಿಲ್ಲ. ಒಂದು ಗೆಲ್ಲು ಕೇಳಿಯೇ ಬರುತ್ತಾಳೆ, ತನ್ನದೊಂದು ಗೆಲ್ಲು ಕೊಟ್ಟೂ ಬರುತ್ತಾಳೆ. ಹೀಗೆ ಸೇರಿದವು ಈಗ ನೂರು ದಾಟಿವೆ.

ಎಲೆಯ ಈ ಹುಚ್ಚು ಎಲ್ಲಿಂದ ಬಂತೆಂದು ಕೇಳಿದರೆ ಅವಳು ಬೀಡಿಯ ಮೊರವನ್ನು ತೋರಿಸುತ್ತಾಳೆ. ಹನ್ನೊಂದನೇ ವಯಸ್ಸಿನಿಂದ ಬೀಡಿ ಕಟ್ಟಿದವಳು. ನಲವತ್ತೈದು ವರ್ಷ ಒಣಗಿದ ಎಲೆಯನ್ನೇ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿದವಳಿಗೆ ಜೀವ ಇರುವ ಎಲೆ ನೋಡಬೇಕೆನ್ನಿಸುವುದು ಸಹಜವೇ. ಬೀಡಿಯ ಎಲೆಯಲ್ಲಿ ಕಲೆ ಇರಬಾರದು, ತೂತು ಇರಬಾರದು. ಇದ್ದರೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟನ್ನೇ ಆಚೆಗೆ ಎಸೆಯುತ್ತಾನೆ. ಹಾಗಾಗಿ ಕಲೆ ಕಂಡಲ್ಲಿ ಅವಳ ಕತ್ತರಿ ತಾನಾಗಿ ಹೋಗುತ್ತದೆ, ಯೋಚನೆ ಮಾಡುವಷ್ಟು ಪುರುಸೊತ್ತು ಕೈಗಿಲ್ಲ. ಕಡೆಗೆ ಆ ಕೈಯೇ ಅವಳ ಮಾನ ಕಳೆಯಿತು.

ಬ್ರಾಂಚಿಗೆ ಹೋಗುವಾಗ, ಬರುವಾಗ ಅವಳ ಜೊತೆಗಾತಿ ಪಕ್ಕದ ಮನೆಯ ಸೈನಬ. ಎಂಟು ವರ್ಷ ದೊಡ್ಡವಳು. ಇಬ್ಬರೂ ಮೂವತ್ತು ವರ್ಷ ಒಂದೇ ಜಗಲಿಯಲ್ಲಿ ಎದುರುಬದುರು ಕೂತು ಬೀಡಿ ಕಟ್ಟಿದವರು. ಸೈನಬಳ ಅಳಿಯ ಶಾಫಿ ಗಲ್ಫಿನ ದಮಾಮಿನಿಂದ ರಜೆಯಲ್ಲಿ ಬರುವಾಗ ಅತ್ತೆಗೆಂದು ಒಂದು ವಿಚಿತ್ರ ಗಿಡ ತಂದಿದ್ದ. ಅದಕ್ಕೆ ಕಾಂಡವಿಲ್ಲ, ಗೆಲ್ಲಿಲ್ಲ. ಮಣ್ಣಿನಿಂದ ನೇರ ಎದ್ದ ಒಂದೇ ಒಂದು ಎಲೆ, ದೋಣಿಯ ಹುಟ್ಟಿನಷ್ಟು ಅಗಲ, ದಪ್ಪ, ಮೈಯೆಲ್ಲ ಚುಕ್ಕೆ. ಅದನ್ನು ಕಂಡ ದಿನದಿಂದ ಸೇಸಮ್ಮನಿಗೆ ಸಮಾಧಾನವಿಲ್ಲ. ಮರಿ ಬಂದರೆ ತನಗೇ ಕೊಡಬೇಕೆಂದು ಹೇಳಿಟ್ಟಳು. ವರ್ಷಗಟ್ಟಲೆ ಮರಿ ಬರಲಿಲ್ಲ.

ಸೈನಬ ಉಸಿರಿನ ಕಾಯಿಲೆಯಲ್ಲಿ ಮಲಗಿದಾಗ ಗಿಡ ಅವಳ ಮಂಚದ ಬಳಿಯೇ ಇತ್ತು. ಕೊನೆಯ ದಿನಗಳಲ್ಲಿ ಒಮ್ಮೆ ಅವಳು ಎಲೆಯ ಕಡೆ ಬೆರಳು ತೋರಿಸಿ, “ನೋಡು” ಎಂದಳು. ಸೇಸಮ್ಮ ಬಗ್ಗಿ ನೋಡಿದಳು. ಉದ್ದಕ್ಕೆ ಏನೋ ಗೀರು, ಮೇಲೊಂದು ಚುಕ್ಕೆ.

“ಬಸವನಹುಳ ಸೈನಬಕ್ಕ, ತಿಂದು ಹಾಕಿದೆ. ನಾಳೆ ಬುಡಕ್ಕೆ ಸುಣ್ಣ ಹಾಕ್ತೇನೆ.”

ಸೈನಬ ನಕ್ಕಳು. ನಗು ಕೆಮ್ಮಾಯಿತು.

ಅವಳು ತೀರಿಕೊಂಡು ನಲವತ್ತನೇ ದಿನದ ಕಾರ್ಯ ಕಳೆದ ಮೇಲೆ ಮಗಳು ಫಿದಾ ಗಂಡನ ಜೊತೆ ದಮಾಮಿಗೆ ಹೊರಟಳು. ಹೊರಡುವ ದಿನ ಬೆಳಿಗ್ಗೆ ಆ ಚಟ್ಟಿಯನ್ನು ಎತ್ತಿಕೊಂಡು ಬಂದಳು.

“ಸೇಸಕ್ಕ, ಇದು ಅಮಾನತ್. ನಾನು ಬರುವ ತನಕ ನಿಮ್ಮಲ್ಲಿ ಇರಲಿ.”

ಸೇಸಮ್ಮನಿಗೆ ಗೊತ್ತಿದ್ದ ಅಮಾನತು ಪೇಪರಿನಲ್ಲಿ ಬರುವುದು, ಲಂಚ ತಿಂದವರಿಗೆ ಆಗುವುದು. “ಅಯ್ಯೋ, ಗಿಡವನ್ನು ಅಮಾನತು ಮಾಡಿದ್ದಾ? ಪಾಪ, ಅದು ಎಂಥ ತಪ್ಪು ಮಾಡಿದೆ?” ಎಂದಳು. ಅಳುತ್ತಿದ್ದ ಫಿದಾ ನಕ್ಕುಬಿಟ್ಟಳು.

“ಅದಲ್ಲ ಸೇಸಕ್ಕ. ನಮ್ಮಲ್ಲಿ ಅಮಾನತ್ ಅಂದ್ರೆ ನಂಬಿ ಕೊಟ್ಟದ್ದು. ಕೊಟ್ಟ ಹಾಗೇ ಹಿಂದೆ ಕೊಡುವಂಥದ್ದು.”

“ಹಾಗಾದ್ರೆ ಹೆದರ್ಬೇಡ. ನಿನ್ನ ಉಮ್ಮನನ್ನು ನೋಡಿದ ಹಾಗೆ ನೋಡ್ತೇನೆ.”

ನೋಡಿಕೊಂಡಳು ಕೂಡ, ಇಲ್ಲವೆನ್ನಲಾಗದು. ಎರಡು ವರ್ಷ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದಳು. ಬುಡದಲ್ಲಿ ಕಡೆಗೂ ಒಂದು ಮರಿ ಎದ್ದಿತು. ಮರಿಯ ಎಲೆ ಗಾಜಿನಂತೆ ನುಣುಪು. ಅದರ ಪಕ್ಕದಲ್ಲಿ ಹಳೆಯ ಎಲೆಯ ಗೀರುಗಳು ಕಂದಾಗಿ, ಒರಟಾಗಿ, ನೋಡಲು ಚಂದವೇ ಇರಲಿಲ್ಲ. ಫಿದಾ ಊರಿಗೆ ಬರುವ ನಾಲ್ಕು ತಿಂಗಳ ಮೊದಲು ಒಂದು ಮಧ್ಯಾಹ್ನ, ಮೊರದ ಬದಿಯಲ್ಲಿ ಕತ್ತರಿ ಇತ್ತು, ಕೈಗೆ ಅಷ್ಟೇ ಸಾಕಾಯಿತು. ಕಲೆ ಬಿದ್ದ ಎಲೆ ಹೋದರೆ ಗಿಡ ಲಕ್ಷಣವಾಗಿ ಕಾಣುತ್ತದೆ, ಕತ್ತರಿಸಿದ್ದನ್ನು ತುಂಡು ಮಾಡಿ ಹೊಯ್ಗೆ ಮರಳಿನಲ್ಲಿ ಊರಿದರೆ ಮೂರು ಗಿಡವೂ ಆಗುತ್ತದೆ. ಫಿದಾ ಬಂದಾಗ ಒಂದಕ್ಕೆ ಎರಡು ಕೊಡಬಹುದು, ತನಗೂ ಒಂದು ಉಳಿಯುತ್ತದೆ. ಈ ಲೆಕ್ಕದ ಕೊನೆಯ ಭಾಗವೇ ಮೊದಲು ಹೊಳೆದದ್ದೆಂದು ಅವಳು ಆಮೇಲೆ ಒಪ್ಪಿಕೊಂಡಳು.

ಮೂರು ತುಂಡಾಯಿತು. ನಡುವಿನದ್ದು ಕೊಳೆತು ಗೊಬ್ಬರದ ಗುಂಡಿಗೆ ಹೋಯಿತು. ಮೇಲಿನದ್ದು ಮನೆಯಲ್ಲೇ ಬೇರು ಬಿಟ್ಟಿತು. ಬುಡದ ತುಂಡನ್ನು ಮೂಡುಬಿದಿರೆಯ ನವ್ಯಾ ಒಯ್ದಳು. ಆಕೆ ದಾವಣಗೆರೆ ಕಡೆಯವಳು, ಮೂಡುಬಿದಿರೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದವಳು, ಗಿಡದ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ ಪರಿಚಯ. ಬದಲಿಗೆ ಕಪ್ಪು ವೆಲ್ವೆಟ್ ಎಲೆಯ ಗಿಡವೊಂದನ್ನು ಕೊಟ್ಟಳು. ಸೇಸಮ್ಮ ಅದನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ ವಾರವಿಡೀ ಮೆರೆದಳು.

ಆಮೇಲೆ ಫಿದಾಳ ಫೋನು ಬಂತು. ಹತ್ತು ದಿನದಲ್ಲಿ ಊರಿಗೆ ಬರುತ್ತಾಳೆ.

“ಸೇಸಕ್ಕ, ಬಂದ ಕೂಡಲೇ ಆ ಎಲೆ ನೋಡ್ಬೇಕು ನನಗೆ. ಉಮ್ಮ ತಲೆವಸ್ತ್ರದ ಪಿನ್ನಿನಲ್ಲಿ ನನ್ನ ಹೆಸರು ಬರೆದಿದ್ದಾರಲ್ಲ, ಅರಬಿಯಲ್ಲಿ, ಮೂರಕ್ಷರ. ಕನ್ನಡ ಅವರಿಗೆ ಬರೆಯಲಿಕ್ಕೆ ಬರ್ತಿರ್ಲಿಲ್ಲ ಅಲ್ವಾ. ಅವರ ಕೈಬರಹ ಅಂತ ನನಗೆ ಉಳಿದದ್ದು ಅದೊಂದೇ. ನಿಮಗೆ ತೋರಿಸಿದ್ದೇನೆ ಅಂದಿದ್ರು. ಎಲೆ ಚೆನ್ನಾಗಿ ಉಂಟಲ್ಲ?”

“ಉಂಟು, ಉಂಟು. ಚೆನ್ನಾಗಿ ಉಂಟು” ಎಂದಳು ಸೇಸಮ್ಮ. ಫೋನು ಇಟ್ಟ ಮೇಲೆ ಅವಳು ಮನೆಯಲ್ಲಿ ಉಳಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ಬಸವನಹುಳ ಎಂದದ್ದಕ್ಕೆ ಸೈನಬ ನಕ್ಕದ್ದು ಯಾಕೆಂದು ಈಗ ಗೊತ್ತಾಯಿತು.

ಎರಡು ದಿನ ಬೀಡಿ ಕಟ್ಟಲಿಲ್ಲ. ಕೂಸಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.

“ಮೂರು ಗೆರೆ ತಾನೆ ಮಾರಾಯ್ತಿ? ಮರಿಯ ಎಲೆ ಉಂಟಲ್ಲ, ಅದರಲ್ಲಿ ನೀನೇ ಗೀಚು. ಅಂಗಡಿಯ ಮೂಸಾನತ್ರ ಅರಬಿಯಲ್ಲಿ ಬರೆಸಿಕೊಂಡು ಬರ್ತೇನೆ, ನೋಡಿ ಬರಿ.”

ಕೂಸಪ್ಪ ಮೂಸಾನಿಂದ ಚೀಟಿ ಬರೆಸಿ ತಂದೂ ಬಿಟ್ಟ. ಸೇಸಮ್ಮ ಪಿನ್ನು ಹಿಡಿದು ಎಲೆಯ ಎದುರು ಕೂತಳು. ಚೀಟಿಯ ಅಕ್ಷರಗಳು ಚಂದ ಇದ್ದವು, ಸೈನಬಳವು ಹೀಗಿರಲಿಲ್ಲ. ಮಲಗಿಕೊಂಡು, ಉಸಿರು ಹಿಡಿದುಕೊಂಡು ಬರೆದ ಸೊಟ್ಟ ಗೆರೆಗಳು ಅವು. ಪಿನ್ನಿನ ತುದಿ ಎಲೆಗೆ ತಾಗಿದ್ದೇ ಅವಳಿಗೆ ಅಳು ಬಂತು.

“ಸತ್ತವಳ ಕೈಯನ್ನು ನಾನು ಕದಿಯುವುದಾ? ಆಗ್ಲಿಕ್ಕಿಲ್ಲ” ಎಂದು ಪಿನ್ನನ್ನು ಗಂಡನ ಕೈಗೆ ಕೊಟ್ಟಳು. ಮರುದಿನ ಕಪ್ಪು ವೆಲ್ವೆಟ್ ಗಿಡವನ್ನು ಮಡಿಲಲ್ಲಿಟ್ಟುಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದಳು.

ನವ್ಯಾಳ ಕೋಣೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಬುಡದ ತುಂಡು ಕಿಟಕಿಯಲ್ಲಿ, ಬಿಳಿ ಪಿಂಗಾಣಿಯ ಚಟ್ಟಿಯಲ್ಲಿ ನೆಟ್ಟಗೆ ನಿಂತಿತ್ತು. ಅದರ ಮೇಲೊಂದು ಕಂದು ಗೆರೆ, ಬರೀ ಒಂದು ಗೆರೆ. ಸೇಸಮ್ಮ ನಿಂತಲ್ಲೇ ವಿಷಯವನ್ನೆಲ್ಲ ಹೇಳಿದಳು.

“ಅಯ್ಯೋ ಆಂಟಿ, ಈಗಷ್ಟೇ ಮೊಳಕೆ ಬರ್ತಾ ಇದೆ. ಆ ಗೆರೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ನಾಳೆ ಕತ್ತರಿಸೋಣ ಅಂತಿದ್ದೆ” ಎಂದಳು ನವ್ಯಾ. ಕೊಡಲು ಮನಸ್ಸಿರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಚಟ್ಟಿಸಮೇತ ಕೊಟ್ಟಳು. ವೆಲ್ವೆಟ್ ಗಿಡ ವಾಪಸು ಬೇಡವೆಂದಳು, ಸೇಸಮ್ಮ ಕೇಳದೆ ಅಲ್ಲೇ ಇಟ್ಟು ಬಂದಳು.

ಫಿದಾ ಗಂಡನ ಮನೆಯಿಂದ ಬಂದದ್ದು ಒಂದು ಭಾನುವಾರ, ಊಟ ಮುಗಿದ ಹೊತ್ತಿನಲ್ಲಿ. ಸೇಸಮ್ಮ ಬೆಳಿಗ್ಗೆಯೇ ಒಂದು ಕುರ್ಚಿ ಖಾಲಿ ಮಾಡಿದ್ದಳು. ಎದುರಿನ ಬೆಂಚಿನಲ್ಲಿ ಮೂರು ಚಟ್ಟಿ: ಮೇಲಿನ ತುಂಡು, ಬುಡದ ತುಂಡು, ಕಲೆಯಿಲ್ಲದ ಮರಿ. ಕುಡಿಯಲು ನೀರು ಕೊಡುವ ಮೊದಲೇ ಹೇಳಿಬಿಟ್ಟಳು.

“ಫಿದಾ, ಎಲೆಯನ್ನು ನಾನು ಕತ್ತರಿಸಿದೆ. ಹುಳ ತಿಂದ ಕಲೆ ಅಂತ ಎಣಿಸಿದ್ದೆ. ಫೋನಿನಲ್ಲಿ ಸುಳ್ಳು ಹೇಳಿದೆ.”

ಫಿದಾ ಬೆಂಚಿನ ಬಳಿ ಮಂಡಿಯೂರಿ ಕೂತು, ಮೇಲಿನ ತುಂಡಿನ ಗೀರನ್ನು ಬೆರಳಲ್ಲಿ ಸವರಿದಳು.

“ಇದು ಫಾ.” ಇನ್ನೊಂದನ್ನು ಮುಟ್ಟಿದಳು. “ಇದು ಅಲಿಫ್. ನಡುವಿನ ಅಕ್ಷರ ದಾಲ್ ಎಲ್ಲಿ ಸೇಸಕ್ಕ?”

“ಕೊಳೆಯಿತು.”

“ಎಲ್ಲಿ ಹಾಕಿದ್ರಿ?”

“ಗೊಬ್ಬರದ ಗುಂಡಿಗೆ.”

ಬೈದಿದ್ದರೆ ಚೆನ್ನಾಗಿತ್ತು. ಫಿದಾ ಬೈಯಲಿಲ್ಲ. ಕಣ್ಣೊರೆಸಿಕೊಂಡು ಎದ್ದಳು. ಚಹಾ ಕುಡಿದಳು, ಕೂಸಪ್ಪನ ಮಂಡಿನೋವು ವಿಚಾರಿಸಿದಳು. ಎಲ್ಲವೂ ಮೊದಲಿನ ಹಾಗೇ ಇತ್ತು, ಮುಖ ನೋಡಿ ಮಾತಾಡುವುದೊಂದು ಇರಲಿಲ್ಲ. ಹೊರಡುವಾಗ ಎರಡು ತುಂಡಿನ ಚಟ್ಟಿಗಳನ್ನು ತಾನೇ ರಿಕ್ಷಾದಲ್ಲಿ ಇಟ್ಟಳು. ಸೇಸಮ್ಮ ಮರಿಯ ಚಟ್ಟಿ ಎತ್ತಿಕೊಂಡು ಹಿಂದೆಯೇ ಹೋದಳು.

“ಇದು ನಿಮಗೆ ಇರಲಿ ಸೇಸಕ್ಕ.”

“ಇಡ್ತೇನೆ. ನೀನು ಪುನಃ ಬರುವ ತನಕ ಇಡ್ತೇನೆ. ಈ ಸಲ ಕತ್ತರಿ ಹತ್ತಿರ ಕೂಡ ತರುವುದಿಲ್ಲ. ಅಮಾನತ್ ಅಂತಲೇ—”

“ಅಮಾನತ್ ಅಲ್ಲ” ಎಂದಳು ಫಿದಾ, ಮೆಲ್ಲಗೆ. “ನಿಮಗೇ ಕೊಟ್ಟದ್ದು. ಹಿಂದೆ ಕೊಡುವುದು ಬೇಡ.”

ರಿಕ್ಷಾ ಹೋಯಿತು. ವರ್ಷಗಟ್ಟಲೆ ಆಸೆಪಟ್ಟ ಗಿಡ ಕಡೆಗೂ ಸೇಸಮ್ಮನದ್ದೇ ಆಗಿತ್ತು, ಒಂದು ಗೀರೂ ಇಲ್ಲದ ಎಲೆಯ ಸಮೇತ. ಅವಳು ಅದನ್ನು ಹಿಡಿದುಕೊಂಡು ಒಳಗೆ ಬಂದು ನಡುಮನೆಯಲ್ಲಿ ನಿಂತಳು.

“ಕೊಡು ಇತ್ತ. ಎಲ್ಲಿ ಇಡುವ ಇದನ್ನು?” ಎಂದು ಕೂಸಪ್ಪ ಕೈ ಚಾಚಿದ.

ಸೇಸಮ್ಮ ಫ್ರಿಜ್ಜಿನ ಮೇಲೆ ನೋಡಿದಳು, ಕಿಟಕಿಯಲ್ಲಿ ನೋಡಿದಳು, ಫಿದಾ ಎದ್ದುಹೋದ ಖಾಲಿ ಕುರ್ಚಿಯನ್ನೂ ನೋಡಿದಳು. ಆ ಮನೆಯಲ್ಲಿ ಒಂದು ಚಟ್ಟಿಗೆ ಜಾಗ ಸಿಗದೆ ಹೋದದ್ದು ಅದೇ ಮೊದಲು.